ತಳಹಾಸು ಮತ್ತು ಚಿಪ್ಪುಜೀವಿಗಳ ನೆಲೆಗೊಳ್ಳುವಿಕೆ: ನಾಗರಿಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಮರಳು ತೆಗೆಯಲು, ಚಿಪ್ಪು ಸಂಗ್ರಹಿಸಲು, ದಡಕ್ಕೆ ಕಲ್ಲು ಕಟ್ಟಲು, ಕೆರೆಯ ಹೂಳು ಸಾಗಿಸಲು ಅಥವಾ ಚಿಪ್ಪುಜೀವಿ ಕೃಷಿ ಕೈಗೊಳ್ಳಲು ನಾಗರಿಕರು ವಿವಿಧ ಇಲಾಖೆಗಳಿಗೆ ಅರ್ಜಿ ಸಲ್ಲಿಸುತ್ತಾರೆ. ಇವು ಬೇರೆ ಬೇರೆ ಸೇವೆಗಳಾದರೂ ಎಲ್ಲವೂ ನೀರಿನ ತಳವನ್ನು ಮುಟ್ಟುವ ಕಾರ್ಯಗಳೇ ಆಗಿರುತ್ತವೆ. ಸದರಿ ತಳವೇ ಮೃದ್ವಂಗಿಗಳೆಂದು ಕರೆಯಲಾಗುವ ಚಿಪ್ಪುಜೀವಿಗಳ ಮರಿಗಳು ಬಂದು ನೆಲೆಸುವ ತಾಣವಾಗಿದೆ. ತಳಹಾಸು ಬದಲಾದಲ್ಲಿ ನೀರು ಎಷ್ಟೇ ಶುದ್ಧವಾಗಿದ್ದರೂ ಮುಂದಿನ ಪೀಳಿಗೆಗೆ ನೆಲೆ ದೊರೆಯುವುದಿಲ್ಲ.

ಅರ್ಜಿಗಳಿಗೆ ವಿಧಿಸಲಾಗುವ ಷರತ್ತುಗಳ ಹಿಂದಿರುವ ಕಾರಣಗಳನ್ನು ನಾಗರಿಕರು ಅರಿತುಕೊಳ್ಳಲೆಂದು ಈ ಮಾಹಿತಿಯನ್ನು ನೀಡಲಾಗಿದೆ. ಇದು ಕರಾವಳಿಯ ಮೂರು ಜಿಲ್ಲೆಗಳಿಗೆ ಮಾತ್ರ ಸೀಮಿತವಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಹೋಬಳಿಯಂತಹ ಒಳನಾಡಿನ ಪ್ರದೇಶಗಳ ಕೆರೆಗಳಿಗೂ ಇದೇ ತತ್ತ್ವವು ಬೇರೆ ರೂಪದಲ್ಲಿ ಅನ್ವಯಿಸುತ್ತದೆ. ಈ ವಿಷಯವನ್ನು 7ನೆಯ ಭಾಗದಲ್ಲಿ ವಿವರಿಸಲಾಗಿದೆ.

2. ನೆಲೆಗೊಳ್ಳುವಿಕೆ ಎಂದರೇನು?

ಸಿಂಪಿ, ಪಚ್ಚಿಲೆ, ಚಿಪ್ಪಿಕಲ್ಲು ಮೊದಲಾದ ಎರಡು ಚಿಪ್ಪಿನ ಜೀವಿಗಳು ಬೆಳೆದ ಮೇಲೆ ಒಂದೆಡೆ ನೆಲೆಸಿ ಬಾಳುವಂತಹವು. ಆದರೆ ಅವುಗಳ ಬಾಲ್ಯವು ಸಂಚಾರದಲ್ಲಿ ಕಳೆಯುತ್ತದೆ. ತಾಯಿಜೀವಿಯು ನೀರಿಗೆ ಬಿಟ್ಟ ಮೊಟ್ಟೆಯು ಫಲಿತಗೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಡಿಂಭವಾಗುತ್ತದೆ. ಈ ಡಿಂಭವು ಸೂಕ್ಷ್ಮ ರೋಮಗಳ ನೆರವಿನಿಂದ ಈಜುತ್ತ, ಸೂಕ್ಷ್ಮ ಪಾಚಿಗಳನ್ನು ತಿನ್ನುತ್ತ, ಉಬ್ಬರವಿಳಿತದೊಡನೆ ಸಾಗುತ್ತದೆ. ಸಾಮಾನ್ಯವಾಗಿ ಎರಡರಿಂದ ಮೂರು ವಾರಗಳಲ್ಲಿ ಅದಕ್ಕೆ ಒಂದು ಪುಟ್ಟ ಪಾದವು ಮೂಡುತ್ತದೆ. ಸಿಂಪಿಯ ಡಿಂಭಕ್ಕೆ ಈ ಹಂತದಲ್ಲಿ ಬೆಳಕನ್ನು ಗ್ರಹಿಸುವ ಕಣ್ಣಿನ ಚುಕ್ಕೆಯೂ ಕಾಣಿಸಿಕೊಳ್ಳುತ್ತದೆ. ಆಗ ಅದರ ಗಾತ್ರವು ಸುಮಾರು 0.3 ಮಿಲಿಮೀಟರ್ ಇರುತ್ತದೆ.

ಈ ಹಂತದಲ್ಲಿ ಡಿಂಭವು ತಳಕ್ಕಿಳಿದು ಪಾದದಿಂದ ತೆವಳುತ್ತ ನೆಲವನ್ನು ಪರೀಕ್ಷಿಸುತ್ತದೆ. ತಾಣವು ತಕ್ಕುದಲ್ಲವಾದರೆ ಮತ್ತೆ ಮೇಲೆದ್ದು ಮುಂದೆ ಸಾಗುತ್ತದೆ. ತಕ್ಕುದಾದರೆ ಅಲ್ಲಿಯೇ ನಿಂತು ಈಜುವ ಅಂಗವನ್ನು ಕಳೆದುಕೊಂಡು ಮರಿಚಿಪ್ಪಾಗಿ ಮಾರ್ಪಡುತ್ತದೆ. ಇದನ್ನೇ ನೆಲೆಗೊಳ್ಳುವಿಕೆ ಎನ್ನಲಾಗುತ್ತದೆ.

ಡಿಂಭವು ಕಾಯಬಲ್ಲ ಅವಧಿಯು ಮಿತವಾದುದು. ಆ ಅವಧಿಯೊಳಗೆ ತಾಣ ದೊರೆಯದಿದ್ದಲ್ಲಿ ಅದು ಸಾಯುತ್ತದೆ ಅಥವಾ ಬದುಕಲಾಗದ ಜಾಗದಲ್ಲಿ ನಿಲ್ಲುತ್ತದೆ. ಬಂಡೆಗೆ ಅಂಟಿಕೊಂಡ ಸಿಂಪಿಯು ಮತ್ತೆ ಸ್ಥಳ ಬದಲಿಸಲಾರದು. ಅದರ ಆಯ್ಕೆಯು ಜೀವಮಾನದ ಆಯ್ಕೆಯಾಗಿರುತ್ತದೆ.

3. ತಳಹಾಸಿನ ಬಗೆಗಳು ಮತ್ತು ಅವುಗಳನ್ನು ಅವಲಂಬಿಸಿದ ಜೀವಿಗಳು

(ಅ) ಬಂಡೆ: ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಬಂಡೆಗಳ ಮೇಲೆ ಸಿಂಪಿ ಮತ್ತು ಹಸಿರು ಪಚ್ಚಿಲೆಗಳು ನೆಲೆಸುತ್ತವೆ. ಸಿಂಪಿಯು ತನ್ನ ಒಂದು ಚಿಪ್ಪನ್ನು ಗಾರೆಯಂತಹ ಸ್ರಾವದಿಂದ ಬಂಡೆಗೆ ಬೆಸೆಯುತ್ತದೆ. ಪೆರ್ನಾ ವಿರಿಡಿಸ್ ಎಂಬ ಹಸಿರು ಪಚ್ಚಿಲೆಯು ರೇಷ್ಮೆಯಂತಹ ಎಳೆಗಳನ್ನು ಹೊರಚೆಲ್ಲಿ ಅವುಗಳಿಂದ ಕಟ್ಟಿಕೊಳ್ಳುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಸ್ತಂಭಾಕಾರದ ಲಾವಾ ಶಿಲೆಗಳು ಇಂತಹ ಗಟ್ಟಿ ತಳಹಾಸಿಗೆ ಉದಾಹರಣೆಯಾಗಿವೆ.

(ಆ) ಚಿಪ್ಪಿನ ಹಾಸು: ಅಳಿವೆಗಳಲ್ಲಿ ಬಂಡೆಗಳು ವಿರಳ. ಅಲ್ಲಿ ಸತ್ತ ಸಿಂಪಿ ಹಾಗೂ ಚಿಪ್ಪಿಕಲ್ಲುಗಳ ಚಿಪ್ಪುಗಳು ಪದರ ಪದರವಾಗಿ ಕೂಡಿ ಬಂಡೆಯ ಕೆಲಸವನ್ನು ಮಾಡುತ್ತವೆ. ಹಿಂದಿನ ಪೀಳಿಗೆಯ ಚಿಪ್ಪು ಮುಂದಿನ ಪೀಳಿಗೆಯ ಅಡಿಪಾಯವಾಗುತ್ತದೆ.

(ಇ) ಮರಳು: ಪಾಫಿಯಾ ಮಲಬಾರಿಕಾ, ಮೆರೆಟ್ರಿಕ್ಸ್ ಮೊದಲಾದ ಚಿಪ್ಪಿಕಲ್ಲುಗಳು ಯಾವುದಕ್ಕೂ ಅಂಟಿಕೊಂಡು ಬಾಳುವುದಿಲ್ಲ. ಅವು ಮರಳಿನಲ್ಲಿ ಅಥವಾ ಮರಳುಮಿಶ್ರಿತ ಕೆಸರಿನಲ್ಲಿ ಹುದುಗಿ, ಎರಡು ಸಣ್ಣ ಕೊಳವೆಗಳನ್ನು ಮೇಲೆ ಚಾಚಿ ನೀರನ್ನು ಸೋಸುತ್ತವೆ. ಇವುಗಳನ್ನು ಉತ್ತರ ಕನ್ನಡದಲ್ಲಿ ಬಳಚು ಎಂದೂ ತುಳುನಾಡಿನಲ್ಲಿ ಮರುವಾಯಿ ಎಂದೂ ಕರೆಯುವುದುಂಟು. ಮರಳಿನ ಕಣಗಳ ಗಾತ್ರವು ಇವುಗಳಿಗೆ ಮುಖ್ಯವಾದುದು. ಕಣಗಳು ತೀರ ದಪ್ಪವಾದರೆ ಮರಿಯು ಅಲೆಗೆ ಕೊಚ್ಚಿಹೋಗುತ್ತದೆ. ತೀರ ನುಣುಪಾದರೆ ಉಸಿರು ಕಟ್ಟುತ್ತದೆ.

(ಈ) ಮೆತ್ತನೆಯ ಕೆಸರು: ಪ್ಲಕುನಾ ಪ್ಲಸೆಂಟಾ ಎಂಬ ಕಿಟಕಿ ಸಿಂಪಿಯು ಚಪ್ಪಟೆಯಾದ, ಬೆಳಕು ಹಾಯುವ ಚಿಪ್ಪನ್ನು ಹೊಂದಿದ್ದು ಕೆಸರಿನ ಮೇಲೆ ಮಲಗಿ ಬಾಳುತ್ತದೆ. ಹಿಂದೆ ಕೊಂಕಣ ಕರಾವಳಿಯ ಮನೆಗಳಲ್ಲಿ ಗಾಜಿನ ಬದಲು ಈ ಚಿಪ್ಪನ್ನು ಕಿಟಕಿಗಳಿಗೆ ಅಳವಡಿಸಲಾಗುತ್ತಿತ್ತು. ನೆರೆಯ ಗೋವಾ ರಾಜ್ಯದ ಜುವಾರಿ ಅಳಿವೆಯ ಚಿಕಲಿಂ ಕೊಲ್ಲಿಯು ಇದರ ತಿಳಿದ ನೆಲೆಗಳಲ್ಲಿ ಒಂದಾಗಿದೆ. ಈ ಜೀವಿಯು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ರಕ್ಷಣೆಗೆ ಒಳಪಟ್ಟಿದೆ.

4. ಡಿಂಭವು ತಾಣವನ್ನು ಗುರುತಿಸುವ ಬಗೆ

ಡಿಂಭವು ಕೇವಲ ಆಕಸ್ಮಿಕವಾಗಿ ಬಿದ್ದಲ್ಲಿ ನಿಲ್ಲುವುದಿಲ್ಲ. ಈ ಕೆಳಕಂಡ ಗುರುತುಗಳು ಅದನ್ನು ಸೆಳೆಯುತ್ತವೆ ಅಥವಾ ದೂರವಿಡುತ್ತವೆ:

- ಒರಟುತನ: ಸಣ್ಣ ಗುಳಿ, ಬಿರುಕು ಮತ್ತು ಅಂಚುಗಳಿರುವ ಮೇಲ್ಮೈಯಲ್ಲಿ ಮರಿಗೆ ಅಲೆಯ ಹೊಡೆತದಿಂದಲೂ ಬಿಸಿಲಿನಿಂದಲೂ ತಿನ್ನುವ ಜೀವಿಗಳಿಂದಲೂ ಆಸರೆ ದೊರೆಯುತ್ತದೆ. ನುಣುಪಾದ ಮೇಲ್ಮೈಯಲ್ಲಿ ಆಸರೆಯು ಕಡಿಮೆ.

- ಸೂಕ್ಷ್ಮಜೀವಿಗಳ ಲೋಳೆಪದರ: ನೀರಿನಲ್ಲಿ ಕೆಲಕಾಲ ಮುಳುಗಿದ ಯಾವುದೇ ವಸ್ತುವಿನ ಮೇಲೆ ಬ್ಯಾಕ್ಟೀರಿಯಾ ಹಾಗೂ ಸೂಕ್ಷ್ಮ ಪಾಚಿಗಳ ತೆಳುವಾದ ಪದರವು ಕಟ್ಟುತ್ತದೆ. ಹಲವು ಡಿಂಭಗಳು ಈ ಪದರವಿರುವ ಮೇಲ್ಮೈಯನ್ನು ಹೊಸ ಮೇಲ್ಮೈಗಿಂತ ಹೆಚ್ಚಾಗಿ ಒಪ್ಪಿಕೊಳ್ಳುತ್ತವೆ.

- ಸ್ವಜಾತಿಯ ಇರುವಿಕೆ: ಸಿಂಪಿಯ ಡಿಂಭಗಳು ಬೆಳೆದ ಸಿಂಪಿ ಹಾಗೂ ಅದರ ಚಿಪ್ಪಿನಿಂದ ನೀರಿಗೆ ಸೇರುವ ರಾಸಾಯನಿಕ ಸುಳಿವನ್ನು ಗ್ರಹಿಸುತ್ತವೆ. ಹಿರಿಯ ಜೀವಿಗಳು ಬದುಕಿರುವ ಜಾಗವು ಬದುಕಲು ಯೋಗ್ಯವೆಂಬುದಕ್ಕೆ ಇದು ಸಾಕ್ಷಿಯಂತಿರುತ್ತದೆ. ಎಲ್ಲ ಚಿಪ್ಪುಗಳನ್ನು ತೆಗೆದುಹಾಕಿದ ಹಾಸಿನಲ್ಲಿ ಈ ಸುಳಿವು ಇಲ್ಲವಾಗುತ್ತದೆ.

- ಬೆಳಕು ಮತ್ತು ದಿಕ್ಕು: ಸಿಂಪಿಯ ಮರಿಗಳು ಅನೇಕ ವೇಳೆ ಕಲ್ಲು ಅಥವಾ ಚಿಪ್ಪಿನ ನೆರಳಿರುವ ಕೆಳಮೈಯನ್ನು ಆರಿಸುತ್ತವೆ. ಅಲ್ಲಿ ಹೂಳು ಕೂರುವುದೂ ಕಡಿಮೆ.

- ಹೂಳು: ಗಟ್ಟಿ ಮೇಲ್ಮೈಯನ್ನು ಮುಚ್ಚಿದ ತೆಳುವಾದ ಹೂಳಿನ ಪದರವೂ ಡಿಂಭವು ಅಂಟಿಕೊಳ್ಳುವುದನ್ನು ತಡೆಯಬಲ್ಲದು. ಈಗಾಗಲೇ ಅಂಟಿಕೊಂಡ ಮರಿಗಳ ಮೇಲೆ ಹೂಳು ಬಿದ್ದಲ್ಲಿ ಅವು ಉಸಿರುಕಟ್ಟಿ ಸಾಯುತ್ತವೆ.

- ಉಪ್ಪಿನಂಶ: ನೈಋತ್ಯ ಮುಂಗಾರಿನಲ್ಲಿ ಅಳಿವೆಗಳ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ. ಮಳೆ ಇಳಿದು ಉಪ್ಪಿನಂಶವು ಮತ್ತೆ ಏರಿದ ನಂತರವೇ ಅನೇಕ ಜಾತಿಗಳ ಮರಿಗಳು ನೆಲೆಗೊಳ್ಳುತ್ತವೆ. ಆದ್ದರಿಂದ ಮಳೆಗಾಲದ ಬಳಿಕದ ತಿಂಗಳುಗಳಲ್ಲಿ ತಳವನ್ನು ಕದಡುವುದು ಇತರ ತಿಂಗಳುಗಳಲ್ಲಿ ಕದಡುವುದಕ್ಕಿಂತ ಹೆಚ್ಚಿನ ಹಾನಿಯನ್ನುಂಟುಮಾಡುತ್ತದೆ.

5. ಅಘನಾಶಿನಿ ಅಳಿವೆಯ ನಿದರ್ಶನ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಸಮುದ್ರವನ್ನು ಸೇರುವ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಇದರಿಂದ ಅಳಿವೆಯಲ್ಲಿ ಉಪ್ಪುನೀರು ಹಾಗೂ ಸಿಹಿನೀರು ಋತುಮಾನಕ್ಕೆ ಅನುಗುಣವಾಗಿ ಬೆರೆಯುತ್ತವೆ. ನದಿಯು ತರುವ ಮರಳು ಮತ್ತು ಮೆಕ್ಕಲು ಸಹಜವಾಗಿ ಹಂಚಿಕೆಯಾಗುತ್ತದೆ. ಸಮುದ್ರದ ಬಾಯಿಯ ಬಳಿ ಮರಳು, ಒಳಭಾಗದಲ್ಲಿ ಮರಳುಗೆಸರು, ಕಾಂಡ್ಲಾ ವನಗಳ ಬಳಿ ಕೆಸರು ಹೀಗೆ ತಳಹಾಸುಗಳು ಒಂದರ ಪಕ್ಕದಲ್ಲಿ ಒಂದು ಇರುವುದರಿಂದ ಹಲವು ಜಾತಿಗಳಿಗೆ ನೆಲೆ ದೊರೆತಿದೆ. ಹೆಚ್ಚು ಉಪ್ಪನ್ನು ಬಯಸುವ ಪಾಫಿಯಾ ಮಲಬಾರಿಕಾ ಸಮುದ್ರದ ಕಡೆಗೂ ಕಡಿಮೆ ಉಪ್ಪನ್ನು ಬಯಸುವ ವಿಲ್ಲೊರಿಟಾ ಜಾತಿಯ ಕಪ್ಪು ಚಿಪ್ಪಿಕಲ್ಲು ನದಿಯ ಮೇಲ್ಭಾಗದ ಕಡೆಗೂ ಬಾಳುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರವು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಳಿವೆಯ ಖಾದ್ಯ ಚಿಪ್ಪುಜೀವಿಗಳ ವಾರ್ಷಿಕ ಉತ್ಪಾದನೆಯನ್ನು ಸುಮಾರು 22,006 ಟನ್ ಎಂದೂ ಅದರ ವಾರ್ಷಿಕ ಮೌಲ್ಯವನ್ನು ಸುಮಾರು 5.78 ಕೋಟಿ ರೂಪಾಯಿ ಎಂದೂ ಅಂದಾಜಿಸಲಾಗಿತ್ತು. ಸುಮಾರು 2,347 ಜನರು ಸಂಗ್ರಹಣೆ ಮತ್ತು ಮಾರಾಟದಲ್ಲಿ ನೇರವಾಗಿ ತೊಡಗಿದ್ದರೆಂದು ಅದೇ ಅಧ್ಯಯನದಿಂದ ತಿಳಿದುಬಂದಿತ್ತು. ಇಳಿತದ ವೇಳೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಕೈಯಿಂದ ಚಿಪ್ಪಿಕಲ್ಲು ಆರಿಸುವವರಲ್ಲಿ ಮಹಿಳೆಯರೂ ಇದ್ದಾರೆ. ದೋಣಿಯಾಗಲಿ ಬಲೆಯಾಗಲಿ ಇಲ್ಲದ ಕುಟುಂಬಕ್ಕೂ ಅಂದಿನ ಊಟ ಹಾಗೂ ಅಂದಿನ ಸಂಪಾದನೆ ಎರಡನ್ನೂ ಒದಗಿಸಬಲ್ಲ ಕೆಲಸವಿದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂದು ಘೋಷಿಸಲಾಯಿತು.

ಅಘನಾಶಿನಿಯ ಬಹುತೇಕ ಖಾದ್ಯ ಚಿಪ್ಪಿಕಲ್ಲುಗಳು ಇಡೀ ಜಾತಿಯಾಗಿ ಅಳಿವಿನಂಚಿನಲ್ಲಿರುವಂತಹವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆದರೆ ಒಂದು ಅಳಿವೆಯ ತಳಹಾಸು ಕೆಟ್ಟಲ್ಲಿ ಆ ಅಳಿವೆಯ ಮಟ್ಟಿಗೆ ಒಂದು ಜಾತಿಯು ಇಲ್ಲವಾಗಬಹುದು. ಅದನ್ನು ಅವಲಂಬಿಸಿದ ಗ್ರಾಮಕ್ಕೆ ಈ ಎರಡರ ನಡುವೆ ವ್ಯತ್ಯಾಸವಿರುವುದಿಲ್ಲ.

6. ತಳಹಾಸು ಬದಲಾಗುವ ಸಂದರ್ಭಗಳು

6.1 ಮರಳು ತೆಗೆಯುವಿಕೆ: ಮರಳಿನೊಡನೆ ಅದರಲ್ಲಿ ಹುದುಗಿರುವ ಮರಿಗಳೂ ಹೊರಬೀಳುತ್ತವೆ. ತೆಗೆದ ಗುಂಡಿಯಲ್ಲಿ ಮತ್ತೆ ಮರಳು ತುಂಬದೆ ನುಣುಪಾದ ಕೆಸರು ಕೂಡುವ ಸಾಧ್ಯತೆಯಿರುತ್ತದೆ. ಕದಡಿದ ಹೂಳು ನೀರಿನೊಡನೆ ಸಾಗಿ ಪಕ್ಕದ ಸಿಂಪಿಯ ಹಾಸಿನ ಮೇಲೆ ಕೂರುತ್ತದೆ. ಹೀಗಾಗಿ ಹಾನಿಯು ಪರವಾನಗಿಯ ಗಡಿಗೆ ಸೀಮಿತವಾಗುವುದಿಲ್ಲ.

6.2 ಸತ್ತ ಚಿಪ್ಪುಗಳ ಸಂಗ್ರಹ: ಸುಣ್ಣ ಸುಡಲು, ಕೋಳಿ ಆಹಾರ ತಯಾರಿಸಲು ಹಾಗೂ ಕೈಗಾರಿಕೆಗಳಿಗಾಗಿ ಅಳಿವೆಯ ಚಿಪ್ಪುಗಳನ್ನು ತೆಗೆಯಲಾಗುತ್ತದೆ. ಸತ್ತ ಚಿಪ್ಪನ್ನು ತೆಗೆದರೆ ಯಾವ ಜೀವಿಗೂ ಹಾನಿಯಿಲ್ಲವೆಂಬ ಭಾವನೆಯು ಸಾಮಾನ್ಯವಾಗಿದೆ. ಮೇಲೆ ತಿಳಿಸಿದಂತೆ ಸತ್ತ ಚಿಪ್ಪೇ ಹುಟ್ಟಲಿರುವ ಸಿಂಪಿಯ ನೆಲವಾಗಿರುವುದರಿಂದ ಈ ಭಾವನೆಯು ಸರಿಯಲ್ಲ.

6.3 ದಡದ ಕಲ್ಲುಗೋಡೆ: ಕಡಲ್ಕೊರೆತ ತಡೆಯಲು ಮರಳಿನ ತೀರದಲ್ಲಿ ಕಲ್ಲು ರಾಶಿ ಹಾಕಿದಾಗ ಬಂಡೆಯನ್ನು ಬಯಸುವ ಜೀವಿಗಳಿಗೆ ಹೊಸ ನೆಲೆ ದೊರೆಯುತ್ತದೆ. ಅದೇ ವೇಳೆ ಅಲೆ ಬಡಿಯುವ ಮರಳಿನಲ್ಲಿ ಹುದುಗಿ ಬಾಳುವ ಸಣ್ಣ ಚಿಪ್ಪುಗಳು ನೆಲೆಯನ್ನು ಕಳೆದುಕೊಳ್ಳುತ್ತವೆ. ಚಿಪ್ಪುಗಳ ಒಟ್ಟು ಸಂಖ್ಯೆ ಹೆಚ್ಚಿದಂತೆ ಕಂಡರೂ ಮೊದಲಿದ್ದ ಜೀವಿಗಳು ಉಳಿದಿವೆಯೆಂದು ಅರ್ಥವಲ್ಲ.

6.4 ನದಿಯ ಹರಿವಿನ ಬದಲಾವಣೆ: ಜಲವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿದುಬರುವ ಅಳಿವೆಗಳಲ್ಲಿ ಬೇಸಿಗೆಯಲ್ಲಿಯೂ ಉಪ್ಪಿನಂಶವು ಏರುವುದಿಲ್ಲ. ನೆರೆಯ ಶರಾವತಿ ಅಳಿವೆಯಲ್ಲಿ ಚಿಪ್ಪುಜೀವಿಗಳು ಕ್ಷೀಣಿಸಿರುವುದಕ್ಕೆ ಇದನ್ನು ಒಂದು ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಅಣೆಕಟ್ಟಿನ ಹಿಂದೆ ಮರಳು ನಿಲ್ಲುವುದರಿಂದ ಕೆಳಗಿನ ತಳಹಾಸಿಗೆ ಹೊಸ ಮರಳು ಸೇರುವುದೂ ಕಡಿಮೆಯಾಗುತ್ತದೆ.

7. ಒಳನಾಡಿನ ಸಿಹಿನೀರಿಗೆ ಅನ್ವಯ: ಬೇಗೂರು ಹೋಬಳಿಯ ಕೆರೆಗಳು

ಗುಂಡ್ಲುಪೇಟೆ ತಾಲ್ಲೂಕಿನ ನೀರು ಗುಂಡ್ಲುಹೊಳೆಯ ಮೂಲಕ ನಂಜನಗೂಡಿನ ಬಳಿ ಕಬಿನಿಯನ್ನೂ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನೂ ಸೇರುತ್ತದೆ. ಈ ಜಲಾನಯನದ ಕೆರೆ ಮತ್ತು ಹೊಳೆಗಳಲ್ಲಿ ಬಾಳುವ ಲ್ಯಾಮೆಲಿಡೆನ್ಸ್ ಮೊದಲಾದ ಜಾತಿಗಳನ್ನು ಜನರು ಕಪ್ಪೆಚಿಪ್ಪು ಎಂದು ಕರೆಯುತ್ತಾರೆ. ಕೆರೆಯ ಅಂಗಳ ಒಣಗಿದಾಗ ಮಕ್ಕಳು ಆರಿಸಿ ತರುವ, ಒಳಗೆ ಮುತ್ತಿನ ಹೊಳಪಿರುವ ಚಿಪ್ಪು ಇದೇ ಆಗಿರುತ್ತದೆ.

ಕಪ್ಪೆಚಿಪ್ಪಿನ ಮರಿಯು ಸಮುದ್ರದ ಮರಿಯಂತೆ ನೀರಿನಲ್ಲಿ ಸ್ವತಂತ್ರವಾಗಿ ಅಲೆಯುವುದಿಲ್ಲ. ಅದು ಮೀನಿನ ಕಿವಿರು ಅಥವಾ ರೆಕ್ಕೆಗೆ ಅಂಟಿಕೊಂಡು ಕೆಲಕಾಲ ಕಳೆದು, ಬಳಿಕ ಕಳಚಿ ತಳಕ್ಕೆ ಬೀಳುತ್ತದೆ. ಬಿದ್ದ ಜಾಗದಲ್ಲಿ ಮೆತ್ತನೆಯ, ಗಾಳಿಯಾಡುವ ಮಣ್ಣು ಇದ್ದರೆ ಮಾತ್ರ ಬದುಕುತ್ತದೆ. ಆದ್ದರಿಂದ ಕಪ್ಪೆಚಿಪ್ಪು ಉಳಿಯಲು ತಕ್ಕ ತಳ ಹಾಗೂ ತಕ್ಕ ಮೀನು ಎರಡೂ ಬೇಕಾಗುತ್ತವೆ. ಒಣಗಿದ ಕೆರೆಗೆ ನದಿಯ ನೀರನ್ನು ತುಂಬಿಸಿದ ಮಾತ್ರಕ್ಕೆ ಕಪ್ಪೆಚಿಪ್ಪು ಮರಳಿ ಬರುವುದೆಂದು ಹೇಳಲಾಗದು.

ಹೊಲಗಳಿಗೆ ಹಾಕಲು ಕೆರೆಯ ಹೂಳನ್ನು ತೆಗೆಯುವುದು ಕೆರೆಗೂ ಕೃಷಿಗೂ ಉಪಯುಕ್ತವಾದ ಕಾರ್ಯವಾಗಿದೆ. ಆದರೆ ಇಡೀ ಅಂಗಳವನ್ನು ಒಂದೇ ಬಾರಿಗೆ ಗಟ್ಟಿನೆಲದವರೆಗೆ ಕೆರೆದಾಗ ಮಣ್ಣಿನ ತೇವದಲ್ಲಿ ಹುದುಗಿ ಮಳೆಗಾಗಿ ಕಾಯುತ್ತಿರುವ ಕಪ್ಪೆಚಿಪ್ಪುಗಳು ಹೂಳಿನೊಡನೆ ಟ್ರ್ಯಾಕ್ಟರ್ ಸೇರುತ್ತವೆ. ಕೆರೆಯನ್ನು ಭಾಗಗಳಾಗಿ ವಿಂಗಡಿಸಿ, ಆಳವಾದ ಒಂದು ಭಾಗವನ್ನು ಆ ವರ್ಷ ಮುಟ್ಟದೆ ಬಿಡುವುದು ಸರಳವಾದ ಪರಿಹಾರವಾಗಿದೆ. ಹೂಳಿನಲ್ಲಿ ಕಂಡುಬಂದ ಜೀವಂತ ಚಿಪ್ಪುಗಳನ್ನು ನೀರಿರುವ ಭಾಗಕ್ಕೆ ಹಿಂದಿರುಗಿಸುವುದಕ್ಕೆ ಯಾವುದೇ ವೆಚ್ಚ ತಗಲುವುದಿಲ್ಲ.

ರಾಜ್ಯದ ನದಿಗಳಲ್ಲಿ ಬಂಡೆಗೆ ಬೆಸೆದುಕೊಂಡು ಬಾಳುವ ಸಿಹಿನೀರಿನ ಸಿಂಪಿಯೂ ಒಂದಿದೆ. ಸ್ಯೂಡೊಮುಲ್ಲೇರಿಯಾ ಡಾಲಿ ಎಂಬ ಈ ವಿರಳ ಜೀವಿಯನ್ನು ಭದ್ರಾ ನದಿಯಿಂದ ದೊರೆತ ಮಾದರಿಗಳ ಆಧಾರದ ಮೇಲೆ 1898ರಲ್ಲಿ ವಿಜ್ಞಾನಕ್ಕೆ ಪರಿಚಯಿಸಲಾಯಿತು. ಇದೇ ರೀತಿ ಸಮುದ್ರದಂಚಿನ ಬಸವನಹುಳುಗಳ ವಂಶಕ್ಕೆ ಸೇರಿದ ಕ್ರೆಮ್ನೊಕಾಂಕಸ್ ಎಂಬ ಪುಟ್ಟ ಜೀವಿಗಳು ಪಶ್ಚಿಮಘಟ್ಟದ ಜಲಪಾತಗಳ ತೇವ ಬಂಡೆಗಳ ಮೇಲೆ ಬಾಳುತ್ತವೆ. 2013ರಲ್ಲಿ ಇವುಗಳ ಹೊಸ ಜಾತಿಗಳನ್ನು ಪ್ರಕಟಿಸಿದಾಗ ಒಂದಕ್ಕೆ ಆಗುಂಬೆಯ ಹೆಸರನ್ನು ಇಡಲಾಯಿತು. ದೂರ ಸಾಗಿ ಹೊಸ ನೆಲೆ ಹುಡುಕುವುದು ಇಂತಹ ಜೀವಿಗಳಿಗೆ ಸುಲಭವಲ್ಲ. ಒಂದು ಬಂಡೆಯ ಮೇಲಿನ ನೀರು ನಿಂತರೆ ಅಲ್ಲಿನ ಸಮುದಾಯವೇ ಅಳಿಯಬಹುದು.

8. ಮಾನವನಿರ್ಮಿತ ನೆಲೆಗಳು

ಡಿಂಭದ ಆಯ್ಕೆಯ ಕ್ರಮವನ್ನು ಅರಿತು ಅದಕ್ಕೆ ತಕ್ಕ ಮೇಲ್ಮೈಯನ್ನು ಒದಗಿಸುವುದೇ ಚಿಪ್ಪುಜೀವಿ ಕೃಷಿಯ ಮೂಲತತ್ತ್ವವಾಗಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಈ ವಿಧಾನಗಳನ್ನು ಅಭಿವೃದ್ಧಿಪಡಿಸಿ ಪ್ರಚುರಪಡಿಸಿದೆ.

ಸಿಂಪಿಯ ಮರಿಗಳನ್ನು ಪಡೆಯಲು ಸುಣ್ಣ ಲೇಪಿಸಿದ ಹೆಂಚುಗಳನ್ನು ಅಥವಾ ದಾರಕ್ಕೆ ಪೋಣಿಸಿದ ಖಾಲಿ ಚಿಪ್ಪುಗಳನ್ನು ಮರಿಗಳ ಕಾಲದಲ್ಲಿ ನೀರಿಗಿಳಿಸಲಾಗುತ್ತದೆ. ಬಹಳ ಮುಂಚಿತವಾಗಿ ಇಳಿಸಿದಲ್ಲಿ ಹೂಳು ಮತ್ತು ಇತರ ಜೀವಿಗಳು ಮೇಲ್ಮೈಯನ್ನು ಆಕ್ರಮಿಸುತ್ತವೆ. ತಡವಾದಲ್ಲಿ ಮರಿಗಳ ಕಾಲ ಮುಗಿದಿರುತ್ತದೆ.

ಹಸಿರು ಪಚ್ಚಿಲೆಯ ಕೃಷಿಯಲ್ಲಿ ಮರಿಗಳನ್ನು ಹಗ್ಗದ ಸುತ್ತ ಹರಡಿ ತೆಳುವಾದ ಹತ್ತಿಬಟ್ಟೆಯಿಂದ ಸುತ್ತಿ ಹೊಲಿಯಲಾಗುತ್ತದೆ. ಎರಡು ಮೂರು ದಿನಗಳಲ್ಲಿ ಮರಿಗಳು ತಮ್ಮ ಎಳೆಗಳಿಂದ ಹಗ್ಗವನ್ನು ಹಿಡಿದುಕೊಳ್ಳುತ್ತವೆ. ನಂತರ ಬಟ್ಟೆಯು ನೀರಿನಲ್ಲಿ ತಾನಾಗಿಯೇ ಕೊಳೆತುಹೋಗುತ್ತದೆ. ಸುಮಾರು ಐದಾರು ತಿಂಗಳಲ್ಲಿ ಬೆಳೆಯು ಕೈಗೆ ಬರುತ್ತದೆ. ಮುಂಗಾರು ಆರಂಭವಾಗಿ ಉಪ್ಪಿನಂಶವು ಕುಸಿಯುವ ಮೊದಲೇ ಕೊಯ್ಲು ಮುಗಿಸಬೇಕಾಗುತ್ತದೆ. ಬಿತ್ತನೆಗಾಗಿ ನೈಸರ್ಗಿಕ ಬಂಡೆಗಳಿಂದ ಮರಿಗಳನ್ನು ಕೆರೆಯುವಾಗ ಬಂಡೆಯನ್ನು ಪೂರ್ತಿ ಬರಿದು ಮಾಡದೆ ಪಟ್ಟೆಪಟ್ಟೆಯಾಗಿ ತೆಗೆಯುವುದು ಸೂಕ್ತ. ಉಳಿದ ಪಚ್ಚಿಲೆಗಳ ಎಳೆಗಳೇ ಮುಂದಿನ ಮರಿಗಳಿಗೆ ಆಸರೆಯಾಗುತ್ತವೆ.

ನಿಯಂತ್ರಿತ ಸಂಗ್ರಹಣೆಗೆ ನೆರೆಯ ಕೇರಳದ ಅಷ್ಟಮುಡಿ ಅಳಿವೆಯು ಮಾದರಿಯಾಗಿದೆ. ಅಲ್ಲಿ ಚಿಪ್ಪಿಕಲ್ಲಿನ ಸಂತಾನೋತ್ಪತ್ತಿಯ ಕಾಲವಾದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಂಗ್ರಹಣೆಗೆ ವಿರಾಮ, ಬಲೆಯ ಕಣ್ಣಿನ ಗಾತ್ರ ಮತ್ತು ಸಣ್ಣ ಚಿಪ್ಪುಗಳ ನಿಷೇಧವನ್ನು ಜಾರಿಗೆ ತರಲಾಯಿತು. 2014ರಲ್ಲಿ ಅದು ಸುಸ್ಥಿರ ಮೀನುಗಾರಿಕೆಗಾಗಿ ನೀಡಲಾಗುವ ಅಂತರರಾಷ್ಟ್ರೀಯ ಪ್ರಮಾಣಪತ್ರವನ್ನು ಪಡೆದ ಭಾರತದ ಮೊದಲ ಮೀನುಗಾರಿಕೆಯಾಯಿತು.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಂತೆ ಉಬ್ಬರವಿಳಿತದ ನಡುವಣ ಪ್ರದೇಶವು ವಲಯ 1-ಬಿ ವರ್ಗಕ್ಕೆ ಸೇರುತ್ತದೆ. ನದಿಗಳಲ್ಲಿ ಈ ವಲಯದ ವ್ಯಾಪ್ತಿಯನ್ನು ವರ್ಷದ ಅತಿ ಒಣ ಅವಧಿಯಲ್ಲಿ ಸಾವಿರಕ್ಕೆ 5 ಭಾಗ ಉಪ್ಪಿನಂಶವಿರುವ ಸ್ಥಳದವರೆಗೆ ಪರಿಗಣಿಸಲಾಗುತ್ತದೆ. ಆದ್ದರಿಂದ ಸಮುದ್ರದಿಂದ ದೂರವಿರುವ ನದಿದಡದ ಜಮೀನೂ ಈ ವ್ಯಾಪ್ತಿಗೆ ಬರಬಹುದು.

(2) ತಳವನ್ನು ಮುಟ್ಟುವ ಯಾವುದೇ ಕಾರ್ಯದ ಅರ್ಜಿಯಲ್ಲಿ ಸ್ಥಳದ ತಳಹಾಸಿನ ಬಗೆ, ಹತ್ತಿರದಲ್ಲಿ ಚಿಪ್ಪಿನ ಹಾಸು ಇದೆಯೇ ಎಂಬುದು ಹಾಗೂ ಕಾರ್ಯ ಕೈಗೊಳ್ಳುವ ತಿಂಗಳುಗಳನ್ನು ಸ್ಪಷ್ಟವಾಗಿ ನಮೂದಿಸುವುದು ಸ್ಥಳ ಪರಿಶೀಲನೆಗೆ ಸಹಕಾರಿಯಾಗುತ್ತದೆ.

(3) ವನ್ಯಜೀವಿ ಕಾಯ್ದೆಯ ಅನುಸೂಚಿಗಳನ್ನು 2022ರ ತಿದ್ದುಪಡಿಯ ಮೂಲಕ ಪುನರ್ರಚಿಸಲಾಗಿದೆ. ಅಲಂಕಾರಕ್ಕಾಗಿ ಅಥವಾ ಮಾರಾಟಕ್ಕಾಗಿ ಚಿಪ್ಪು ಸಂಗ್ರಹಿಸುವವರು ಸದರಿ ಜಾತಿಯು ಅನುಸೂಚಿಯಲ್ಲಿದೆಯೇ ಎಂಬುದನ್ನು ಅರಣ್ಯ ಇಲಾಖೆಯಿಂದ ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

(4) ಕೆರೆಯ ಹೂಳು ತೆಗೆಯಲು ಬಯಸುವವರು ಮೊದಲು ಕೆರೆಯು ಯಾರ ಸುಪರ್ದಿನಲ್ಲಿದೆ ಎಂಬುದನ್ನು ತಿಳಿಯಬೇಕು. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳಿಗೂ 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ ಸೇರುತ್ತವೆ.

(5) ಜೈವಿಕ ವೈವಿಧ್ಯ ಕಾಯ್ದೆ, 2002ರ ಅನ್ವಯ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಲಾಗುತ್ತದೆ. ತಮ್ಮ ಊರಿನ ಕಪ್ಪೆಚಿಪ್ಪು ಅಥವಾ ಚಿಪ್ಪಿಕಲ್ಲಿನ ನೆಲೆಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವಂತೆ ಯಾವುದೇ ನಾಗರಿಕರು ಈ ಸಮಿತಿಯನ್ನು ಕೋರಬಹುದು. ದಾಖಲೆಯಲ್ಲಿಲ್ಲದ ನೆಲೆಯು ಅರ್ಜಿಯ ಪರಿಶೀಲನೆಯ ವೇಳೆ ಗಮನಕ್ಕೆ ಬಾರದೆ ಹೋಗಬಹುದು.

(6) 2020ರಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಚಿಪ್ಪುಜೀವಿ ಕೃಷಿಗೆ ಘಟಕ ವೆಚ್ಚದ ಶೇ. 40ರಷ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60ರಷ್ಟು ಸಹಾಯಧನವನ್ನು ನಿಗದಿಪಡಿಸಲಾಗಿತ್ತು. ಅರ್ಜಿ ಸಲ್ಲಿಸುವ ವರ್ಷದಲ್ಲಿ ಲಭ್ಯವಿರುವ ಸೌಲಭ್ಯವನ್ನು ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದು ಜಾಗದಲ್ಲಿ ಈಗ ಚಿಪ್ಪುಜೀವಿಗಳು ಕಾಣದಿದ್ದರೆ ಅಲ್ಲಿ ಮರಳು ತೆಗೆಯಲು ಅಡ್ಡಿಯೇನು?
ಉತ್ತರ: ನೆಲೆಗೊಂಡ ಮರಿಯು ಆರಂಭದಲ್ಲಿ ಮರಳಿನ ಕಣದಷ್ಟೇ ಇರುತ್ತದೆ. ಬರಿಗಣ್ಣಿಗೆ ಕಾಣದಿರುವುದು ಇಲ್ಲದಿರುವುದಕ್ಕೆ ಪುರಾವೆಯಾಗುವುದಿಲ್ಲ.

ಪ್ರಶ್ನೆ: ಮಾಂಸ ತೆಗೆದ ನಂತರ ಚಿಪ್ಪನ್ನು ಏನು ಮಾಡಬೇಕು?
ಉತ್ತರ: ಚಿಪ್ಪುಗಳ ಒಂದು ಭಾಗವನ್ನಾದರೂ ತೊಳೆದು, ಒಣಗಿಸಿ, ಸಂಗ್ರಹಿಸಿದ ಅಳಿವೆಯ ಹಾಸಿಗೇ ಹಿಂದಿರುಗಿಸುವುದು ಮರಿಗಳಿಗೆ ನೆಲೆಯನ್ನು ಒದಗಿಸುತ್ತದೆ. ಬೇರೆ ಅಳಿವೆಯ ಚಿಪ್ಪನ್ನು ತಂದು ಹಾಕಬಾರದು. ಅದರೊಡನೆ ರೋಗಗಳು ಅಥವಾ ಅನ್ಯಜೀವಿಗಳು ಬರುವ ಸಂಭವವಿರುತ್ತದೆ.

ಪ್ರಶ್ನೆ: ಹಾಳಾದ ತಳಹಾಸನ್ನು ಸರಿಪಡಿಸಲು ಸಾಧ್ಯವೇ?
ಉತ್ತರ: ಹಿರಿಯ ಜೀವಿಗಳು ಸಮೀಪದಲ್ಲಿ ಉಳಿದಿದ್ದು, ನೀರಿನ ಉಪ್ಪಿನಂಶವು ಸರಿಯಾಗಿದ್ದಲ್ಲಿ ಸಾಧ್ಯ. ಡಿಂಭಗಳನ್ನು ನೀಡುವ ತಾಯಿಜೀವಿಗಳೇ ಇಲ್ಲವಾದಲ್ಲಿ ಹಾಸು ಹಾಕಿದರೂ ಅದು ಖಾಲಿಯಾಗಿಯೇ ಉಳಿಯುತ್ತದೆ. ಆದುದರಿಂದ ಸರಿಪಡಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಮೇಲು.

11. ಹೆಚ್ಚಿನ ಮಾಹಿತಿಗಾಗಿ

ಚಿಪ್ಪುಜೀವಿ ಕೃಷಿ ಹಾಗೂ ಸಂಗ್ರಹಣೆಗೆ ಸಂಬಂಧಿಸಿದಂತೆ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು, ಮರಳಿಗೆ ಸಂಬಂಧಿಸಿದಂತೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯನ್ನು, ಕರಾವಳಿ ವಲಯಕ್ಕೆ ಸಂಬಂಧಿಸಿದಂತೆ ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವನ್ನು ಹಾಗೂ ಕೆರೆಗಳಿಗೆ ಸಂಬಂಧಿಸಿದಂತೆ ಆಯಾ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸಬಹುದು. ಸಲ್ಲಿಸಿದ ಅರ್ಜಿಗೆ ದಿನಾಂಕಸಹಿತ ಸ್ವೀಕೃತಿಯನ್ನು ಪಡೆದು ಇಟ್ಟುಕೊಳ್ಳತಕ್ಕದ್ದು.